ಚಿಕ್ಕಸಿದ್ದಮ್ಮ ಮತ್ತು ಮಡುವಿನ ಹೂಳು

ಮಿರ್ಲೆ ಕಡೆಯ ಹೊಳೆದಂಡೆ ಊರೊಂದರಲ್ಲಿ ತೆಪ್ಪ ನಡೆಸಿ ಮೀನು ಹಿಡಿಯುವ ಚಿಕ್ಕಸಿದ್ದಮ್ಮ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಮೀನು ಕೊಳ್ಳಲು ಬರುವ ವ್ಯಾಪಾರಿಯ ತಕ್ಕಡಿಯನ್ನು ಒಮ್ಮೆ ಅಡಿಮೇಲು ಮಾಡಿ ನೋಡಿದ ಮೇಲೇ ಬುಟ್ಟಿ ಬಿಚ್ಚುವವಳು.

ಹೋದ ಬೇಸಿಗೆಯಲ್ಲಿ ಪೇಟೆಯ ಚರಂಡಿ ಬಂದು ಹೊಳೆ ಸೇರುವ ಕಡೆ ಹೂಳೆತ್ತುವ ಕೆಲಸ ಶುರುವಾಯಿತು. ಎತ್ತಿದ ಹೂಳನ್ನು ದೋಣಿಯಲ್ಲಿ ತಂದು, ಅವಳು ಬಲೆ ಬೀಸುವ ಆಳದ ಮಡುವಿಗೇ ಸುರಿಯತೊಡಗಿದರು. ಆ ದೋಣಿಯಲ್ಲಿ ಅವಳ ಮೈದುನ ಅಂಕಯ್ಯನೂ ಕೂಲಿಗಿದ್ದ.

"ಹೊಳೆ ಮಣ್ಣ ಹೊಳೆಗೇ ಆಕ್ತಾವ್ರೆ ಕಣತ್ಗೆ, ಏನಾಯ್ತದೆ ಬುಡು" ಎಂದ.

"ಹೊಳೆ ಮಣ್ಣು ಸೀಮೆಣ್ಣೆ ವಾಸ್ನೆ ಒಡೀತದೇನ್ಲಾ?"

ಬರಬರುತ್ತ ಬಲೆಗೆ ಕಪ್ಪು ರಾಡಿ ಅಂಟತೊಡಗಿತು. ತಳದಲ್ಲಿ ಮೇಯುವ ಮೀನು ಸಿಗುವುದೇ ನಿಂತಿತು. ಊರಿನವರು ಗಲಾಟೆ ಮಾಡಿದ್ದಕ್ಕೆ ಮಣ್ಣು ಪರೀಕ್ಷಿಸಲು ಮೈಸೂರಿನ ಪ್ರಯೋಗಾಲಯವೊಂದರಿಂದ ಉಮಾಶಂಕರ ಬಂದರು. ಬಂದವರು ಮೊದಲು ಹೂಳೆತ್ತುವ ಕಂಟ್ರಾಕ್ಟರನ ಜೊತೆ ನಿಂತು ಟೀ ಕುಡಿದರು. ಚಿಕ್ಕಸಿದ್ದಮ್ಮನಿಗೆ ಅಷ್ಟೇ ಸಾಕಾಯಿತು.

ಅವಳ ತೆಪ್ಪದಲ್ಲೇ ಹೋಗಿ ಮಡುವಿನ ತಳದ ಮಣ್ಣು ತೆಗೆದರು. ಆಮೇಲೆ ಹೊಳೆಯ ಮೇಲ್ಗಡೆಗೆ ಹೋಗೋಣ ಎಂದರು.

"ಅಲ್ಲಿ ಯಾರೂ ಏನೂ ಸುರ್ದಿಲ್ಲ ಸಾ. ಅಲ್ಲಿಗ್ಯಾಕೆ?"

"ಹೋಲಿಸಿ ನೋಡೋಕಮ್ಮ. ಒಳ್ಳೆ ಮಣ್ಣು ಹೇಗಿರುತ್ತೆ ಅಂತ ಗೊತ್ತಾದ್ರೆ ತಾನೇ, ಇದೆಷ್ಟು ಕೆಟ್ಟಿದೆ ಅಂತ ಹೇಳೋಕಾಗೋದು?"

ಅವಳು ನಂಬಲಿಲ್ಲ. ಒಳ್ಳೆಯ ಮಣ್ಣು ತೋರಿಸಿ ಕಂಟ್ರಾಕ್ಟರನನ್ನು ಪಾರು ಮಾಡುವ ಸಂಚು ಎಂದುಕೊಂಡಳು. ಮೇಲ್ಗಡೆಯ ಮಣ್ಣನ್ನು ಡಬ್ಬಿಗೆ ತುಂಬಿಸಿಟ್ಟು ಅವರು ಫೋನು ಹಿಡಿದು ಅತ್ತ ತಿರುಗಿದಾಗ, ತೆಪ್ಪದ ತಳದಲ್ಲಿ ಚೆಲ್ಲಿದ್ದ ಮಡುವಿನ ರಾಡಿಯನ್ನು ಬಾಚಿ ಆ ಡಬ್ಬಿಗೆ ಕಲಸಿಬಿಟ್ಟಳು.

ವರದಿ ಬಂತು. ಎರಡೂ ಕಡೆಯ ಮಣ್ಣಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಮಡುವಿಗೆ ಸುರಿಯುವುದರಿಂದ ಹೊಸ ಅಪಾಯ ಕಾಣುವುದಿಲ್ಲ ಎಂದಿತ್ತು.

"ದುಡ್ಡು ತಿಂದವ್ನೆ ಕಣ್ರೀ ಅವ್ನು!" ಎಂದು ಊರು ಬೈಯಿತು. ಹೋಲಿಸುವುದು ಎಂದರೇನೆಂದು ಚಿಕ್ಕಸಿದ್ದಮ್ಮನಿಗೆ ಅರ್ಥವಾಗಿದ್ದು ಆಗಲೇ.

ಮಾರನೆಯ ದಿನ ಮೈಸೂರಿನ ಬಸ್ಸು ಹತ್ತಿದಳು. ಮಾಡಿದ್ದನ್ನು ಒಂದೇ ಉಸಿರಿಗೆ ಹೇಳಿದಳು. ಉಮಾಶಂಕರ ವರದಿಯನ್ನು ಮತ್ತೆ ತೆಗೆದು ನೋಡಿದರು.

"ಮೇಲ್ಗಡೆ ಮಣ್ಣಲ್ಲಿ ಎಣ್ಣೆ ಅಂಶ ನೋಡಿ ನನಗೂ ಅನುಮಾನ ಬಂದಿತ್ತು. ಅಲ್ಲೂ ಯಾವುದೋ ಚರಂಡಿ ಇರ್ಬೇಕು ಅಂದ್ಕೊಂಡೆ. ನಿಮ್ಮ ಮೇಲೆ ಬರಲಿಲ್ಲ."

"ನಂಗೆ ನಿಮ್ಮೇಲೆ ಬಂದಿತ್ತು ಸಾ" ಎಂದಳು ತಲೆ ತಗ್ಗಿಸಿ.

ಅವರು ಮತ್ತೆ ಬಂದು, ಊರಿನವರ ಎದುರೇ ಮಣ್ಣು ತೆಗೆದು ಡಬ್ಬಿಗಳಿಗೆ ಮೊಹರು ಹಾಕಿದರು. ಕೆಸರಿನಲ್ಲಿ ಬದುಕುವ ಸಣ್ಣ ಹುಳುಗಳನ್ನು ಎರಡೂ ಮಣ್ಣಿಗೆ ಬಿಟ್ಟು ನೋಡಿದರು. ಮೇಲ್ಗಡೆಯ ಮಣ್ಣಿನವು ಬದುಕಿದವು. ಮಡುವಿನ ಮಣ್ಣಿನವು ಹೆಚ್ಚುಪಾಲು ಸತ್ತವು. ಸುರಿಯುವುದು ನಿಂತಿತು. ಅಂಕಯ್ಯನ ಕೂಲಿಯೂ ನಿಂತಿತು. ಅವನು ಈಗ ಅತ್ತಿಗೆಯನ್ನು ಕಂಡರೆ ದಾರಿ ಬದಲಿಸುತ್ತಾನೆ.

ಮಡುವಿನಲ್ಲಿ ಬಿದ್ದದ್ದು ಅಲ್ಲೇ ಇದೆ. ತೆಗೆಯಲು ಹೋದರೆ ವಿಷ ಕದಡಿ ಕೆಳಗಿನ ಊರುಗಳಿಗೂ ಹರಿಯುತ್ತದೆ, ಹಾಗೇ ಬಿಡುವುದು ವಾಸಿ ಎಂದರು ಉಮಾಶಂಕರ.

"ಕೆದಕ್ದೆ ಬುಟ್ರೆ ಸುಮ್ಕಿರ್ತದಾ ಸಾ? ಮಳೆಗಾಲ್ದಲ್ಲೂವೆ?"

"ಗೊತ್ತಿಲ್ಲಮ್ಮ. ನೋಡ್ತಾ ಇರ್ಬೇಕು."

ಚಿಕ್ಕಸಿದ್ದಮ್ಮ ಈಗ ಮೇಲ್ಗಡೆ ಬಲೆ ಬೀಸುತ್ತಾಳೆ. ಸಿಕ್ಕ ಪ್ರತಿ ಮೀನಿನ ಕಿವಿರು ಬಿಡಿಸಿ, ಮೂಸಿ ನೋಡಿಯೇ ಬುಟ್ಟಿಗೆ ಹಾಕುತ್ತಾಳೆ.