ಲಖನೌಗೆ ಹೊರಟ ಮೋಟಾರ್‌ಸೈಕಲ್ಲು

ನಮ್ಮ ಯಜಮಾನರ ಮೋಟಾರ್‌ಸೈಕಲ್ಲನ್ನು ಪಿಕಪ್ ಗಾಡಿಗೆ ಹತ್ತಿಸಿದ ದಿನ ನಾನು ಬೆಳಿಗ್ಗೆಯಿಂದಲೇ ಕಂಡಕಂಡವರ ಮೇಲೆಲ್ಲ ರೇಗುತ್ತಿದ್ದೆ. ಗಲ್ಲಿಯ ಬಾಯಲ್ಲೇ ಮರಳು ಸುರಿದು ಹೋದವರ ಮೇಲೆ ರೇಗಿದೆ. ಹೇಳಿದ ಹೊತ್ತಿಗೆ ಬಾರದ ಡ್ರೈವರನ ಮೇಲೆ ರೇಗಿದೆ. ಸಹಾಯಕ್ಕೆಂದು ಬಂದು ಆರಾಮಾಗಿ ಚಹಾ ಹೀರುತ್ತ ನಿಂತಿದ್ದ ಮೈದುನನ ವಿಷಯವಂತೂ ಕೇಳಲೇಬೇಡಿ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಅತ್ತೆಯವರು ಇದ್ದಾಗ ಹೇಳುತ್ತಿದ್ದರು. ಇರಬಹುದು. ಆದರೆ ಆ ದಿನ ಇದ್ದದ್ದು ಸಿಟ್ಟಲ್ಲ, ಹೆದರಿಕೆ. ಹತ್ತಿಸುವಾಗ ಗಾಡಿ ಬಿದ್ದು ಮುರಿದರೆ ಇವರೂ ಅಲ್ಲಿಗೆ ಮುಗಿದ ಹಾಗೆ ಎಂಬುದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಇವರ ಮನೆತನ ತಲೆಮಾರುಗಳಿಂದ ಗಂಗೆಯ ದಡದ ಹನುಮಾನ್ ಘಾಟ್‌ನಲ್ಲಿ ಪೌರೋಹಿತ್ಯ ಮಾಡಿಕೊಂಡಿರುವುದು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡದಾನ, ಗಂಗಾಪೂಜೆ ಮಾಡಿಸುವುದು ಕೆಲಸ. ನಾನು ನಂಜನಗೂಡಿನ ಕಡೆಯಿಂದ ಮದುವೆಯಾಗಿ ಬಂದವಳು. ಪುರೋಹಿತರಿಗೆ ಅಷ್ಟು ದೊಡ್ಡ ಮೋಟಾರ್‌ಸೈಕಲ್ಲು ಯಾಕೆ ಎಂದು ನಾನೂ ಎಷ್ಟೋ ಸಲ ಕೇಳಿದ್ದುಂಟು. ಇವರು ಕೇಳಿಸಿಕೊಂಡವರಲ್ಲ. ಯಾತ್ರಿಕರನ್ನು ಸ್ಟೇಷನ್ನಿನಲ್ಲಿ ಆಟೋಗೆ ಹತ್ತಿಸಿ, ಪಂಚೆ ಎತ್ತಿ ಕಟ್ಟಿ, ತಾವು ಮುಂದೆ ಗುಡುಗುಡು ಎಂದು ದಾರಿ ತೋರಿಸಿಕೊಂಡು ಬರುತ್ತಿದ್ದರು. ಬಂದವರು ಗಂಗೆಯನ್ನು ನೋಡುವ ಮೊದಲೇ ಇವರ ಫೋಟೋ ತೆಗೆಯುತ್ತಿದ್ದರು.

ಹೋದ ಚಳಿಗಾಲದಲ್ಲಿ ಲಕ್ವ ಹೊಡೆಯಿತು. ಎಡಭಾಗ ಪೂರ್ತಿ ಹೋಯಿತು. ಮಾತು ನಿಧಾನವಾಗಿ ಮರಳಿತು, ಕೋಲು ಹಿಡಿದು ಕಾಲೆಳೆದುಕೊಂಡು ನಾಲ್ಕು ಹೆಜ್ಜೆ ನಡೆಯುವುದೂ ಬಂತು. ಕೈ ಇವತ್ತಲ್ಲ ನಾಳೆ ಬರುತ್ತದೆ ಎಂದುಕೊಂಡೆವು. ಆದರೆ ಮರಳಿ ಬಂದ ಮಾತನ್ನು ಇವರು ಆಡಲೇ ಇಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೆ. ದಿನವಿಡೀ ಮಂಚದ ಮೇಲೆ ಸೂರು ನೋಡುತ್ತ ಮಲಗಿರುವ ಗಂಡನಿಗೆ ಅನ್ನ ಕಲಸಿ ಕೊಡುವುದು ಎಂಥ ಹಿಂಸೆ ಎಂದು ಕೊಟ್ಟವರಿಗೇ ಗೊತ್ತು.

ಹೀಗಿರುವಾಗ ಒಂದು ಸಂಜೆ ಗೋದೌಲಿಯಾ ಪೇಟೆಯಲ್ಲಿ ತರಕಾರಿ ಕೊಳ್ಳುತ್ತಿದ್ದೆ. ಎರಡೂ ಕಾಲು ಸಣ್ಣಗಾಗಿದ್ದ ಒಬ್ಬಾತ ಹಿಂದೆ ಎರಡು ಪುಟ್ಟ ಚಕ್ರ ಜೋಡಿಸಿದ ಮೋಟಾರ್‌ಸೈಕಲ್ಲಿನ ಮೇಲೆ ಆ ಜನಜಂಗುಳಿಯಲ್ಲಿ ರಾಜನ ಹಾಗೆ ಬಂದ. ನಾನು ಕೊತ್ತಂಬರಿ ಸೊಪ್ಪನ್ನು ಅಲ್ಲೇ ಬಿಟ್ಟು ಓಡಿ ಹೋಗಿ ಅವನನ್ನು ಅಡ್ಡಗಟ್ಟಿ ವಿಚಾರಿಸಿದೆ. ಲಖನೌದ ಒಂದು ಗ್ಯಾರೇಜಿನವರು ಮಾಡಿಕೊಟ್ಟಿದ್ದಂತೆ. ಮನೆಗೆ ಬಂದವಳೇ ಅಲ್ಲಿಗೆ ಫೋನ್ ಮಾಡಿ, ಎಡಗಾಲು ಸ್ವಾಧೀನದಲ್ಲಿಲ್ಲ, ಆಗುತ್ತದೆಯೇ ಎಂದೆ. ಧಾರಾಳವಾಗಿ ಆಗುತ್ತದೆ, ಕಾಲಿನ ಗೇರನ್ನು ಕೈಗೆ ಬರುವ ಹಾಗೆ ಮಾಡುತ್ತೇವೆ, ಗಾಡಿ ಕಳಿಸಿ ಎಂದರು. ಇವರಿಗೆ ಹೇಳಿದಾಗ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ, ಆಗಲಿ ಎಂದರು. ಆ ಒಂದು ಮಾತಿಗೆ ನನಗೆ ಹೋದ ಜೀವ ಬಂದಂತಾಯಿತು.

ಇಲ್ಲಿ ನಮ್ಮವರ ಒಂದು ಪದ್ಧತಿಯನ್ನು ಹೇಳಬೇಕು. ಬೆಳಗಾದರೆ ಸತ್ತವರ ಹೆಸರು, ಗೋತ್ರ ಹೇಳಿಸಿ ಪಿಂಡ ಇಡಿಸುವ ಜನ ನಾವು. ಆದರೆ ಮನೆಯೊಳಗೆ ಒಂದು ಅಶುಭದ ಮಾತು ಬಾಯಿಂದ ಬೀಳಕೂಡದು. ದೀಪ ಆರಿಸು ಎನ್ನುವುದಿಲ್ಲ, ದೊಡ್ಡದು ಮಾಡು ಎನ್ನುತ್ತೇವೆ. ಬಳೆ ಒಡೆದರೆ ಹೆಚ್ಚಿತು ಎನ್ನುತ್ತೇವೆ. ಮೇಲೆ ಓಡಾಡಿಕೊಂಡಿರುವ ಅಸ್ತು ದೇವತೆಗಳು ನಾವಾಡಿದ್ದಕ್ಕೆಲ್ಲ ಅಸ್ತು ಎಂದುಬಿಡುತ್ತಾರೆ ಎಂಬ ಭಯ. ಇವರಿಗೆ ಹೀಗಾದ ಮೇಲೆ ನಾನು ಈ ವಿಷಯದಲ್ಲಿ ರಾಕ್ಷಸಿಯೇ ಆಗಿಬಿಟ್ಟೆ. ನೋಡಲು ಬಂದವರು ಯಾರಾದರೂ ‘ಪಾಪ, ಇನ್ನು...’ ಎಂದು ರಾಗ ಎಳೆದರೆ ಸಾಕು, ಬಿಡ್ತು ಅನ್ನಿ ಎಂದು ಗದರಿಸಿ ಬಾಯಿ ಮುಚ್ಚಿಸುತ್ತಿದ್ದೆ. ಮೈದುನ ಒಮ್ಮೆ ಗ್ಯಾರೇಜಿನ ಸುದ್ದಿ ತೆಗೆದು, ಅತ್ತಿಗೆ, ಅದೇನೋ ಸರಿ, ಆದರೆ ಎಂದು ಶುರು ಮಾಡಿದ್ದ. ಆದರೆಗೀದರೆ ಎಲ್ಲ ನಿಮ್ಮ ಮನೆಯಲ್ಲಿಟ್ಟುಕೊಳ್ಳಿ ಎಂದು ಕಳಿಸಿದ್ದೆ.

ಪಿಕಪ್ ಗಾಡಿ ನಮ್ಮ ಗಲ್ಲಿಗೆ ಬರುವುದಿಲ್ಲ. ಮೋಟಾರ್‌ಸೈಕಲ್ಲನ್ನು ಮೈದುನ ಮತ್ತು ಪಕ್ಕದ ಮನೆಯ ಇಬ್ಬರು ಪುರೋಹಿತರು ಸೋನಾರ್‌ಪುರದ ರಸ್ತೆಯವರೆಗೆ ತಳ್ಳಿಕೊಂಡು ಹೋದರು. ತಿಂಗಳುಗಟ್ಟಲೆ ನಿಂತದ್ದರಿಂದ ಇಂಜಿನ್ನು ಸ್ಟಾರ್ಟ್ ಆಗುತ್ತಿರಲಿಲ್ಲ. ಹಿಂದೆ ನಾನು ಇವರ ತೋಳು ಹಿಡಿದು ನಿಧಾನವಾಗಿ ಕರೆತಂದೆ. ಚಹಾ ಅಂಗಡಿಯವನು ಒಂದು ಕುರ್ಚಿ ಕೊಟ್ಟ. ಕೂತ ಇವರು ಪಿಕಪ್ ನಿಂತ ರೀತಿ ನೋಡಿ ತಲೆಯಾಡಿಸಿದರು. ಆಮೇಲೆ, ನಂಬುತ್ತೀರೋ ಇಲ್ಲವೋ, ಮಾತಾಡತೊಡಗಿದರು.

ಡ್ರೈವರನಿಗೆ ಹಿಂದಿಯಲ್ಲಿ, ಪಿಕಪ್ಪಿನ ಹಿಂದಿನ ಚಕ್ರಗಳು ರಸ್ತೆಯ ತಗ್ಗಿಗೆ ಇಳಿಯುವ ಹಾಗೆ ಹಿಂದಕ್ಕೆ ತೆಗೆಯಪ್ಪ ಎಂದರು. ಹಾಗೆ ಮಾಡಿದರೆ ಗಾಡಿ ಹತ್ತಿಸುವ ಹಲಗೆಯ ಏರು ಕಡಿಮೆಯಾಗುತ್ತದಂತೆ. ಹಲಗೆಯ ತುದಿಯನ್ನು ಪಿಕಪ್ಪಿಗೆ ಕಟ್ಟಿಸಿದರು, ಇಲ್ಲದಿದ್ದರೆ ಭಾರ ಬಿದ್ದಾಗ ಜಾರಿ ಕೆಳಗೆ ಬರುತ್ತದೆ. ಗಾಡಿಯ ಜೊತೆ ತಳ್ಳುವವರೂ ಅದೇ ಹಲಗೆ ಹತ್ತಲಾರರು ಎಂದು ಪಕ್ಕದಲ್ಲಿ ಇನ್ನೊಂದು ಹಲಗೆ ಹಾಕಿಸಿದರು. ಮೈದುನನಿಗೆ ಹ್ಯಾಂಡಲ್ಲಿನ ಎಡಗಡೆ ನಿಲ್ಲಲು ಹೇಳಿದರು. ಒಂದನೇ ಗೇರಿಗೆ ಹಾಕು, ಕ್ಲಚ್ ಒತ್ತಿ ಹಿಡಿದುಕೊಂಡೇ ತಳ್ಳು, ಗಾಡಿ ಹಿಂದಕ್ಕೆ ಬರುತ್ತಿದೆ ಅನ್ನಿಸಿದರೆ ಕ್ಲಚ್ ಬಿಟ್ಟುಬಿಡು, ಹಿಂದಿನ ಚಕ್ರ ಕಚ್ಚಿಕೊಂಡು ನಿಲ್ಲುತ್ತದೆ, ಮುಂದಿನ ಬ್ರೇಕು ನಂಬಬೇಡ ಎಂದರು. ಅಷ್ಟೂ ಮಾತು ಒಂದೇ ಉಸಿರಿನಲ್ಲಿ. ನನಗೆ ಕಣ್ಣು ತುಂಬಿ ಬಂತು. ನೋಡಿ, ಇವರಿಗೆ ಬೇಕಾಗಿದ್ದದ್ದು ಔಷಧಿಯಲ್ಲ, ಗಾಡಿ ಎಂದುಕೊಂಡೆ.

ಎಲ್ಲ ಸರಿಯಾಗಿತ್ತು, ನಮ್ಮವರ ಭಕ್ತಿಯೊಂದನ್ನು ಬಿಟ್ಟು. ಹೊರಡುವ ಗಾಡಿಯನ್ನು ಹಾಗೇ ಹೇಗೆ ಕಳಿಸುವುದು ಎಂದು ಇಬ್ಬರು ಪುರೋಹಿತರೂ ಮಂತ್ರ ಹೇಳಿ, ಹಲಗೆಗೆ ಒಂದು ತಂಬಿಗೆ ಗಂಗೆಯ ನೀರು ಪ್ರೋಕ್ಷಿಸಿದರು. ಪ್ರೋಕ್ಷಿಸುವುದೇನು ಬಂತು, ಸುರಿದೇಬಿಟ್ಟರು. ಸಾಲದ್ದಕ್ಕೆ ಅದರ ಬುಡದಲ್ಲೇ ತೆಂಗಿನಕಾಯಿ ಒಡೆದರು. ಗಾಡಿ ಅರ್ಧ ಏರುವಷ್ಟರಲ್ಲಿ ಹಿಂದೆ ತಳ್ಳುತ್ತಿದ್ದವರ ಕಾಲು ಜಾರಿತು. ಒಬ್ಬರು ಕೂತೇಬಿಟ್ಟರು. ಅಷ್ಟು ಭಾರದ ಗಾಡಿ ಹಿಂದಕ್ಕೆ ಉರುಳತೊಡಗಿತು, ಮೈದುನ ಹೆದರಿ ಹ್ಯಾಂಡಲ್ಲನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

“ಕ್ಲಚ್ ಬಿಡೋ!” ಎಂದು ಇವರು ಕೂಗಿದರು.

ಅವನು ಬಿಟ್ಟ. ಗಾಡಿ ಗಕ್ಕನೆ ನಿಂತಿತು. ಆಮೇಲೆ ಡ್ರೈವರು ಎರಡು ಗೋಣಿಚೀಲ ತಂದು ಹಲಗೆಯ ಮೇಲೆ ಹಾಸಿದ. ಎರಡನೆಯ ಸಲ ಗಾಡಿ ಸಲೀಸಾಗಿ ಮೇಲೇರಿತು. ಸ್ಟ್ಯಾಂಡ್ ಹಾಕಿ ನಿಲ್ಲಿಸಲು ಹೋದ ಡ್ರೈವರನನ್ನು ಇವರು ತಡೆದು, ಸ್ಟ್ಯಾಂಡಿನ ಮೇಲೆ ನಿಂತ ಗಾಡಿ ಹೊಂಡ ಬಂದಾಗ ಎಗರುತ್ತದೆ, ನೇರ ನಿಲ್ಲಿಸಿ ಮುಂದಿನ ಚಕ್ರವನ್ನು ಪಿಕಪ್ಪಿನ ಮುಂದಿನ ಗೋಡೆಗೆ ಒತ್ತಿ ಎರಡೂ ಕಡೆ ಹಗ್ಗ ಕೆಳಕ್ಕೆ ಎಳೆದು ಕಟ್ಟು ಎಂದರು. ಮೈದುನ ಹಗ್ಗ ಹಿಡಿದು ಅಲ್ಲಾಡಿಸಿ ನೋಡಿದ. ಗಾಡಿ ಕಂಬದ ಹಾಗೆ ನಿಂತಿತ್ತು.

ನನಗೆ ಎಷ್ಟು ಸಮಾಧಾನವಾಯಿತೆಂದರೆ, ಬೆಳಿಗ್ಗೆಯಿಂದ ಬೈದದ್ದಕ್ಕೆಲ್ಲ ಪ್ರಾಯಶ್ಚಿತ್ತ ಎಂಬಂತೆ ಮೈದುನನಿಗೆ ನಾನೇ ಇನ್ನೊಂದು ಚಹಾ ಕೊಡಿಸಿದೆ. ಅವನು ಅದೇನನ್ನು ಬಿಟ್ಟದ್ದಕ್ಕೆ ಗಾಡಿ ನಿಂತಿತು ಎಂದು ಸುಮ್ಮನೆ ಕುತೂಹಲಕ್ಕೆ ಕೇಳಿದೆ. ಅಷ್ಟು ವರ್ಷ ಆ ಗಾಡಿಯ ಹಿಂದೆ ಕೂತಿದ್ದರೂ ನಾನು ನೋಡಿದ್ದು ಇವರ ಬೆನ್ನು ಮಾತ್ರ. ಅವನು ಹ್ಯಾಂಡಲ್ಲಿನ ಎಡಗಡೆಯ ಹಿಡಿಕೆಯನ್ನು ತೋರಿಸಿದ. ಗಾಡಿ ಹತ್ತಿಸುವುದಕ್ಕೆ ಮಾತ್ರವೋ, ಓಡಿಸುವಾಗಲೂ ಅದು ಬೇಕೋ ಎಂದೆ.

“ಅದಿಲ್ದೆ ಗಾಡಿ ಹೊರಡೋದೇ ಇಲ್ಲ ಅತ್ತಿಗೆ. ಎಡಗೈಲಿ ಅದನ್ನ ಒತ್ತಿದ್ರೇನೇ...” ಎಂದವನು ಅಲ್ಲಿಗೇ ನಿಲ್ಲಿಸಿ ಅಣ್ಣನ ಕಡೆ ನೋಡಿದ.

ಪುರೋಹಿತರಿಬ್ಬರೂ ರಸ್ತೆಯಲ್ಲಿ ಹೋಗುವ ರಿಕ್ಷಾಗಳನ್ನು ನೋಡತೊಡಗಿದರು. ನಾನು ಕುರ್ಚಿಯ ಕಡೆ ತಿರುಗಿದೆ. ಕೂರಿಸುವಾಗ ನಾನೇ ಎತ್ತಿ ತೊಡೆಯ ಮೇಲಿಟ್ಟಿದ್ದ ಎಡಗೈ ಇಟ್ಟಲ್ಲೇ ಇತ್ತು. ಅಷ್ಟೊಂದು ಕೂಗಾಟದಲ್ಲೂ ಒಂದು ಬೆರಳು ಅತ್ತಿತ್ತ ಆಗಿರಲಿಲ್ಲ. ಗ್ಯಾರೇಜಿನವರಿಗೆ ನಾನು ಕಾಲಿನ ವಿಷಯ ಮಾತ್ರ ಹೇಳಿದ್ದೆ. ಕೈ ಹೇಗೂ ಬರುತ್ತದಲ್ಲ.

ಹತ್ತಿರ ಹೋಗಿ, ಅದನ್ನು ಬಲಗಡೆಗೆ ಹಾಕಿಸಿದರಾಯಿತು ಎಂದೆ. ನನ್ನ ದನಿ ನನಗೇ ಭಿಕ್ಷೆ ಬೇಡಿದ ಹಾಗೆ ಕೇಳಿಸಿತು. ಬಲಗೈಗೆ ಬ್ರೇಕಿದೆ, ಆಕ್ಸಿಲರೇಟರಿದೆ, ಈಗ ಗೇರೂ ಬರುತ್ತದೆ, ಒಂದೇ ಕೈಗೆ ಇನ್ನೆಷ್ಟು ಹೇರುತ್ತೀ ಎಂದರು ಇವರು.

“ನಿಮಗೆ ಮೊದ್ಲಿಂದ್ಲೂ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳೋಕೆ ನೀನೆಲ್ಲಿ ಬಿಟ್ಟೆ?” ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಎಲ್ಲರಿಗೂ ಗೊತ್ತಿತ್ತು. ನನಗೊಬ್ಬಳಿಗೆ ಗೊತ್ತಿರಲಿಲ್ಲ. ನನ್ನ ಬಾಯಿಗೆ ಹೆದರಿ ಅಷ್ಟೂ ಗಂಡಸರು ಬೆವರು ಸುರಿಸಿ, ಮಂತ್ರ ಹೇಳಿ, ಒಂದು ಗೀರೂ ಬೀಳದ ಹಾಗೆ ಗಾಡಿಯನ್ನು ಹತ್ತಿಸಿದ್ದರು. ನನಗೆ ಅಳುವೂ ಬರಲಿಲ್ಲ, ನಿಂತಲ್ಲೇ ಭೂಮಿಗಿಳಿದು ಹೋಗಬಾರದೇ ಎನ್ನಿಸಿತು. ಡ್ರೈವರನಿಗೆ, ಉತಾರ್ ದೋ ಭೈಯಾ, ಇಳಿಸಿಬಿಡು ಎಂದೆ. ಅವನು ಹಗ್ಗಕ್ಕೆ ಕೈ ಹಾಕಿದ.

“ಬೇಡ. ಹೋಗ್ಲಿ ಅದು,” ಎಂದರು ಇವರು. “ಮನೇಲಿದ್ರೆ ನೀನು ದಿನಾ ಅದನ್ನ ಒರೆಸ್ತಾ ಕೂತಿರ್ತೀಯ. ನಂಗೆ ನೋಡೋಕಾಗಲ್ಲ. ಕಾಲು ಹೋಗಿ ಕೈ ಇರೋರು ಯಾರಾದ್ರೂ ಅಲ್ಲಿ ಸಿಗ್ತಾರೆ, ಅವ್ರಿಗೆ ಕೊಟ್ಬಿಡ್ಲಿ.”

ಪಿಕಪ್ ತಗ್ಗಿನಿಂದ ಮೇಲೆದ್ದು ಹೊರಟಿತು. ಮೋಟಾರ್‌ಸೈಕಲ್ಲು ಸ್ವಲ್ಪವೂ ಅಲ್ಲಾಡಲಿಲ್ಲ, ಅಷ್ಟು ಚೆನ್ನಾಗಿ ಕಟ್ಟಿಸಿದ್ದರು. ಇವರು ಅದು ತಿರುವಿನಲ್ಲಿ ಮರೆಯಾಗುವ ಮೊದಲೇ ಏಳಲು ಕೋಲಿಗೆ ಕೈ ಚಾಚಿದರು.

ಮಧ್ಯಾಹ್ನ ಊಟವಾಗಿ ಇವರು ಮಲಗಿದ್ದರು. ದಾವಣಗೆರೆಯಿಂದ ಒಬ್ಬ ಹೆಂಗಸು ಫೋನ್ ಮಾಡಿದರು. ತಂದೆಯವರ ಶ್ರಾದ್ಧಕ್ಕೆ ಬರುತ್ತಿದ್ದಾರಂತೆ, ಹೋದ ಸಲದ ಹಾಗೆ ಭಟ್ಟರೇ ಮೋಟಾರ್‌ಸೈಕಲ್ಲಿನಲ್ಲಿ ಸ್ಟೇಷನ್ನಿಗೆ ಬರುತ್ತಾರಲ್ಲವೇ ಎಂದು ಕೇಳಿದರು. ಇಂಥ ಫೋನು ಬಂದಾಗಲೆಲ್ಲ, ಸ್ವಲ್ಪ ಹುಷಾರಿಲ್ಲ, ನೀವು ಬರುವಷ್ಟರಲ್ಲಿ ಓಡಾಡುತ್ತಿರುತ್ತಾರೆ ಎನ್ನುತ್ತಿದ್ದೆ. ಆ ದಿನ ಅದು ಬಾಯಿಗೆ ಬರಲಿಲ್ಲ.

“ಇಲ್ಲಮ್ಮ, ಅವರಿನ್ನು ಬರೋದಿಲ್ಲ,” ಎಂದೆ.

ಹಾಗೆಂದರೆ ಎಂದು ಆ ಹೆಂಗಸು ಗಾಬರಿಯಾಗಿ ಕೇಳಿದರು. ಮೈದುನ ಬರುತ್ತಾನೆ, ಎಲ್ಲ ಸಾಂಗವಾಗಿ ಮಾಡಿಸುತ್ತಾನೆ ಎಂದು ಹೇಳಿ ಫೋನ್ ಇಟ್ಟೆ. ಇವರಿಗೆ ಎಚ್ಚರವಿತ್ತು. ಗೋಡೆಯ ಕಡೆಗೆ ಹೊರಳಿ ಮಲಗಲು ನೋಡುತ್ತಿದ್ದರು. ಹಾಗೆ ಹೊರಳಬೇಕಾದರೆ ಆ ಎಡಗೈಯನ್ನು ಯಾರಾದರೂ ಎತ್ತಿ ಈಚೆಗಿಡಬೇಕು. ನಾನು ಹೋಗಿ ಎತ್ತಿಟ್ಟೆ. ಅವರು ಗೋಡೆಯ ಕಡೆಗೆ ಹೊರಳಿದರು.