ಚಿತ್ರದ ದೋಣಿಗೆ ಅತ್ತೆ ಹಾಕಿದ ಕೂ

ಶಿರಸಿಯ ಅಂಗಡಿಯವರು ಈ ಸಲ ಕೊಟ್ಟ ಕ್ಯಾಲೆಂಡರಿನಲ್ಲಿ ದೇವರಿಲ್ಲ. ಕಪ್ಪು ಸಮುದ್ರ, ಹರಿದ ಮೋಡದ ನಡುವೆ ಚಂದ್ರ. ಮೊಳೆಗೆ ತೂಗುಹಾಕುವಾಗ ಕಾನಸೂರಿನ ಅತ್ತೆ, ಅಪ್ಪನ ತಂಗಿ, ನೆನಪಾಗಿ ಒಬ್ಬನೇ ನಕ್ಕೆ.

ಹಿಂದೊಮ್ಮೆ ಅವಳನ್ನು ಪಟ್ಟಣದ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಿದ್ದೆ. ಹತ್ತೊಂಬತ್ತನೆಯ ಶತಮಾನದ ತೈಲಚಿತ್ರಗಳ ಕೋಣೆ, ಎಲ್ಲವೂ ರಾತ್ರಿಯವೇ. ಉರಿಯುವ ಕೋಟೆ, ಬೆಂಕಿ ಕಾರುವ ಬೆಟ್ಟ, ಸಿಡಿಲು. ನಾನು ಗೋಡೆಯ ಚೀಟಿ ಓದಿ, ಅದೇ ನನ್ನ ಪಾಂಡಿತ್ಯವೆಂಬಂತೆ ಒದರುತ್ತಿದ್ದೆ. ಅತ್ತೆ ಕೇಳಿದರೆ ತಾನೇ! ಬಿರುಗಾಳಿಗೆ ಸಿಕ್ಕ ದೋಣಿಯಲ್ಲಿ ಒಬ್ಬ ಗಂಡಸು, ದಡದಲ್ಲಿ ಲಾಟೀನು ಎತ್ತಿ ಹಿಡಿದ ಹೆಂಗಸು. ಆ ಚಿತ್ರದ ಮುಂದೆ ನಿಂತುಬಿಟ್ಟಿದ್ದಳು.

“ನಡಿ ಅತ್ತೆ, ಬಾಗ್ಲು ಹಾಕ್ತ.”

“ಅಂವ ದಡ ಮುಟ್ಟಿದ್ನಾ ಇಲ್ಯಾ ಗೊತ್ತಾಗ್ದೆ ಹ್ಯಾಂಗೆ ಬಪ್ಪದು, ತಮಾ?”

ನಮ್ಮ ಕಡೆಯ ರೂಢಿ ನಿಮಗೆ ಗೊತ್ತಿರಲಿಕ್ಕಿಲ್ಲ. ಕತ್ತಲಲ್ಲಿ ಯಾರಾದರೂ ಹೊರಟರೆ ಕಳಿಸಿದವರು ಅಂಗಳದಲ್ಲೇ ಕಾಯಬೇಕು. ಇವರು “ಕೂ” ಎಂದು ಕೂಗಿ, ಹೋದವರು ಹಳ್ಳ ದಾಟಿ ತಿರುಗಿ “ಕೂ” ಹಾಕಿದ ಮೇಲೆಯೇ ಇವರು ಒಳಗೆ. ಅತ್ತೆಯ ಗಂಡ, ನಮ್ಮ ಮಾವ, ಒಂದು ರಾತ್ರಿ ಹಳ್ಳ ದಾಟಲೇ ಇಲ್ಲ, ನೀರು ಏರಿತ್ತು. ಅತ್ತೆ ಬೆಳಗಿನ ತನಕ ಕೂ ಹಾಕಿದ್ದಳಂತೆ. ಆಚೆಯಿಂದ ಏನೂ ಬರಲಿಲ್ಲ. ಆಮೇಲೆ ಅವಳು ಯಾರನ್ನೂ ಕಳಿಸಲು ಅಂಗಳಕ್ಕೆ ಇಳಿಯುತ್ತಿರಲಿಲ್ಲ.

ನಾನು ಇನ್ನೊಮ್ಮೆ ಕರೆಯುವಷ್ಟರಲ್ಲಿ ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು “ಕೂ...” ಎಂದುಬಿಟ್ಟಳು. ಕಾವಲುಗಾರ ಓಡಿಬಂದ. ಮರ್ಯಾದಸ್ಥನಾದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ “ಕೂ...” ಎಂದು ಮರುಕೂಗು! ಇಣುಕಿದರೆ ಯಾರೋ ವಯಸ್ಸಾದವರು, ನಾಚಿ ನಿಂತಿದ್ದರು.

“ಎಂಗ್ಳು ಯಲ್ಲಾಪುರ ಬದಿಯವು. ಕೂ ಕೇಳಿದ್ಮೇಲೆ ಸುಮ್ಮಂಗೆ ಇಪ್ಪಲೆ ಆತಿಲ್ಲೆ,” ಎಂದರು.

ತಿರುಗಿ ಬಂದರೆ ಅತ್ತೆಯ ಕಣ್ಣು ತುಂಬಿತ್ತು. “ಮುಟ್ಟಿದ. ನಡಿ,” ಎಂದಳು. ಊರಿಗೆ ಬಂದ ಮೇಲೆ ಬಂದವರನ್ನು ಕಳಿಸಲು ಮತ್ತೆ ಅಂಗಳಕ್ಕೆ ಇಳಿಯತೊಡಗಿದಳು. ಓಗೊಟ್ಟದ್ದು ಮಾವನೇ ಎಂದು ನಂಬಿದ್ದಾಳೆ ಪಾಪ, ಅವಳ ಸಮಾಧಾನ ಕೆಡುವುದು ಬೇಡ ಎಂದು ಯಲ್ಲಾಪುರದವರ ಸುದ್ದಿಯನ್ನು ನಾನು ಎತ್ತಲೇ ಇಲ್ಲ.

ಈಗ ಕ್ಯಾಲೆಂಡರಿನ ಸಮುದ್ರ ನೋಡಿ ಬಾಯಿ ತಡೆಯಲಿಲ್ಲ. ಫೋನು ಮಾಡಿ ಹೇಳಿಯೇಬಿಟ್ಟೆ. ಅತ್ತೆ ನಕ್ಕಳು.

“ಅದು ನಿನ್ನ ಮಾವನ ದನಿ ಅಲ್ಲ ಹೇಳಿ ಎಂಗೆ ಅವತ್ತೇ ಗೊತ್ತಿತ್ತು, ತಮಾ. ಯಾರೋ ಒಬ್ರು ಓ ಅಂದ್ವಲ. ಆ ರಾತ್ರಿ ಎಂಗೆ ಅಷ್ಟೂ ಸಿಕ್ಕಿದ್ದಿಲ್ಲೆ.”