ಬೀರುವಿನಲ್ಲಿಟ್ಟ ಅರ್ಧ ಸ್ವೆಟರ್

ನಮ್ಮ ಅತ್ತಿಗೆಗೆ ಯಾರ ಮಾತೂ ಒಂದೇ ಸಲಕ್ಕೆ ಗಂಟಲಲ್ಲಿ ಇಳಿಯುವುದಿಲ್ಲ. ಡಾಕ್ಟರು ಮಾತ್ರೆ ಬರೆದುಕೊಟ್ಟರೆ ಇನ್ನೊಬ್ಬ ಡಾಕ್ಟರಿಗೆ ತೋರಿಸುತ್ತಾರೆ. ಆಮೇಲೆ ಇಬ್ಬರಲ್ಲಿ ಯಾರು ಸರಿ ಎಂದು ಔಷಧಿ ಅಂಗಡಿಯವನನ್ನು ಕೇಳುತ್ತಾರೆ. ನಮ್ಮಣ್ಣ ಮದುವೆಯಾದ ಹೊಸದರಲ್ಲಿ ಇದಕ್ಕೆಲ್ಲ ರೇಗುತ್ತಿದ್ದ. ಈಗ ತಲೆನೋವು ಬಂದರೂ ಸಾಕ್ಷಿ ಸಮೇತ ಹೇಳುತ್ತಾನೆ. ಕಾರ್ಖಾನೆಯಲ್ಲಿ ಅವರಿಗೆ ಸಿಐಡಿ ಅಕ್ಕ ಎಂದೇ ಹೆಸರು, ಎದುರಿಗೆ ಕರೆಯುವ ಧೈರ್ಯ ಮಾತ್ರ ಯಾರಿಗೂ ಇಲ್ಲ.

ಅದು ಸ್ವೆಟರ್ ಹೆಣೆಯುವ ಕಾರ್ಖಾನೆ. ನಾನು ಅಲ್ಲಿ ಮೆಷಿನ್ ರಿಪೇರಿ ಮಾಡುವವನು, ಅತ್ತಿಗೆ ಸ್ಯಾಂಪಲ್ ವಿಭಾಗದ ಯಜಮಾನಿ, ನನ್ನ ತಂಗಿ ಬ್ರಷ್ ಮೆಷಿನ್ನಿನವಳು. ತಂಗಿ ಗಂಡನ ಮನೆ ಬಿಟ್ಟು ಬಂದು ನಮ್ಮ ಜೊತೆಗೇ ಇದ್ದಳು. "ಅಣ್ಣನ ಮನೇಲಿ ಊಟ ಮಾಡ್ತೀನಿ, ಆದ್ರೆ ತಲೆ ಎತ್ಕೊಂಡು ಮಾಡ್ತೀನಿ" ಎನ್ನುತ್ತಿದ್ದಳು. ಆ ತಲೆ ಎತ್ತಿಸಿದ್ದು ಈ ಕೆಲಸ, ಅದು ಇನ್ನೂ ಕಾಯಂ ಆಗಿರಲಿಲ್ಲ. ಕೆಲಸ ಕೊಡಿಸಿದವರೂ ಅತ್ತಿಗೆಯೇ. ಮಾಲೀಕರ ಬೆನ್ನು ಬಿದ್ದು, "ನನ್ನ ನಾದಿನಿ, ನಾನು ಜವಾಬ್ದಾರಿ" ಎಂದು ಹೇಳಿ ಸೇರಿಸಿದ್ದರು. ಒಬ್ಬರ ಪರವಾಗಿ ಅತ್ತಿಗೆ ಜವಾಬ್ದಾರಿ ಹೊತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ವರ್ಷ ಒಂದು ದೊಡ್ಡ ಬ್ರ್ಯಾಂಡ್‌ನವರು ಬಂದು, ಬೆಕ್ಕಿನ ಮರಿಯನ್ನು ಎತ್ತಿಕೊಂಡ ಹಾಗಿರುವ ಸ್ವೆಟರ್ ಬೇಕು ಎಂದರು. ಅತ್ತಿಗೆ ನೂಲಿನ ಮೇಲೆ ನೂಲು ಬದಲಾಯಿಸಿದರು. ಹೆಣಿಗೆ ಬಿಗಿಯಾದರೆ ಬಟ್ಟೆ ಹಲಗೆಯಾಗುತ್ತಿತ್ತು, ಸಡಿಲವಾದರೆ ಬಲೆಯಾಗುತ್ತಿತ್ತು. ಹೆಣೆದದ್ದು ಸರಿಹೋದ ಮೇಲೆ ತಂಗಿಯ ಕೆಲಸ. ಸಣ್ಣ ತಂತಿ ಹಲ್ಲುಗಳ ಉರುಳೆಗಳ ನಡುವೆ ಬಟ್ಟೆ ಬಿಟ್ಟು, ಎಳೆಗಳನ್ನು ಕೆದರಿ ತುಪ್ಪಳ ಎಬ್ಬಿಸಬೇಕು. ಒಂದು ಸುತ್ತು ಕಡಿಮೆಯಾದರೆ ಬೋಳು, ಒಂದು ಹೆಚ್ಚಾದರೆ ತೂತು. ಇಬ್ಬರೂ ಹಗಲೆಲ್ಲ ಜಗಳ ಆಡಿಕೊಂಡೇ ಮಾಡಿದರು. ಕೊನೆಗೆ ಒಂದು ತುಂಡನ್ನು ಅತ್ತಿಗೆ ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. "ಬಂತು ಕಣೇ" ಎಂದರು. ನಾದಿನಿಯನ್ನು ಅವತ್ತು ಹೊಗಳಿದ್ದು ಅಷ್ಟೇ, ಆದರೆ ತಂಗಿ ಮನೆಗೆ ಬರುವವರೆಗೂ ನಗುತ್ತಲೇ ಇದ್ದಳು.

ಬ್ರ್ಯಾಂಡ್‌ನ ಮೇಡಂ ಬಂದು ಆ ತುಂಡನ್ನು ಒಪ್ಪಿದರು. ಗರಗಸದ ಬಾಯಿಯಂತೆ ಹಲ್ಲು ಹಲ್ಲಾಗಿ ಕತ್ತರಿಸಿ ಅರ್ಧ ತಾವಿಟ್ಟುಕೊಂಡು, ಅರ್ಧ ನಮಗೆ ಕೊಟ್ಟರು. ಇನ್ನು ಮುಂದೆ ತಯಾರಾಗುವ ಪ್ರತಿ ಸ್ವೆಟರೂ ಇದರ ಹಾಗೇ ಇರಬೇಕು. ತುಂಡು ಬೀರು ಸೇರಿತು, ಬೀಗದ ಕೈ ಅತ್ತಿಗೆಯ ಸೊಂಟ ಸೇರಿತು. ಅವರ ನೆಮ್ಮದಿ ಹಾರಿಹೋದದ್ದೂ ಅವತ್ತೇ.

ಬೆಳಿಗ್ಗೆ ಬಂದ ತಕ್ಷಣ ಬೀರು ತೆಗೆದು, ತುಂಡು ಇದೆಯೇ ಎಂದು ನೋಡುವರು. ಇದ್ದರೆ ಸಾಲದು, ಅದೇ ತುಂಡೋ ಎಂದು ಸವರುವರು, ಕೆನ್ನೆಗೆ ಒತ್ತುವರು. ಊಟವಾದ ಮೇಲೆ ಮತ್ತೆ. ಮನೆಗೆ ಹೊರಡುವ ಮುಂಚೆ ಮತ್ತೆ. ತಿಂಗಳು ಕಳೆಯುವಷ್ಟರಲ್ಲಿ ಒಂದು ದಿನ ನನ್ನನ್ನು ಮೂಲೆಗೆ ಕರೆದು ಪಿಸುಗುಟ್ಟಿದರು.

"ಇದು ನಮ್ಮ ತುಂಡಲ್ಲ ಕಣೋ. ತುಪ್ಪಳ ಕಡಿಮೆ ಆಗಿದೆ. ಯಾರೋ ಎದುರು ಕಾರ್ಖಾನೆಗೆ ಮಾರೋಕೆ ಅಸಲಿ ಎಗರಿಸಿ ನಕಲಿ ಇಟ್ಟಿದ್ದಾರೆ."

"ಬೀಗದ ಕೈ ನಿಮ್ಮ ಹತ್ರಾನೇ ಇದೆಯಲ್ಲ ಅತ್ತಿಗೆ?"

"ಅದೇ ನಂಗೂ ಭಯ. ನಾನು ಸ್ನಾನಕ್ಕೆ ಹೋದಾಗ ಬೀಗದ ಕೈ ಗೂಟದ ಮೇಲಿರುತ್ತೆ, ಅಚ್ಚು ತೆಗೆದು ಇನ್ನೊಂದು ಮಾಡಿಸೋಕೆ ಅಷ್ಟು ಹೊತ್ತು ಸಾಕು. ಆಗ ಮನೇಲಿರೋರು ಯಾರು?"

ಅಣ್ಣ ಅಷ್ಟು ಹೊತ್ತಿಗೆ ಕೆಲಸಕ್ಕೆ ಹೋಗಿರುತ್ತಾನೆ, ನಾನು ಎದ್ದೇ ಇರುವುದಿಲ್ಲ. ಉಳಿದವಳು ತಂಗಿ.

ಅಲ್ಲಿಂದ ಅತ್ತಿಗೆ ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯತೊಡಗಿದರು. ಅವಳು ಎದುರು ಕಾರ್ಖಾನೆಯ ಗೆಳತಿಯ ಜೊತೆ ಚಹಾ ಕುಡಿದರೆ ಅದೊಂದು ಸಾಕ್ಷಿ. ಫೋನಿನಲ್ಲಿ ದನಿ ತಗ್ಗಿಸಿದರೆ ಇನ್ನೊಂದು. "ಇಂಥ ತುಂಡು ಇನ್ನೊಂದು ಮಾಡೋಕೆ ಬರೋದು ಅವಳೊಬ್ಬಳಿಗೇ" ಎಂಬುದಂತೂ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಬೀರುವಿನ ಬಾಗಿಲಿಗೆ ಸಣ್ಣ ನೂಲೊಂದನ್ನು ಗುಟ್ಟಾಗಿ ಕಟ್ಟಿದರು. ನೂಲು ಯಾವತ್ತೂ ಹರಿದಿರಲಿಲ್ಲ, ತುಪ್ಪಳ ಮಾತ್ರ ದಿನದಿನಕ್ಕೂ ಸೊರಗುತ್ತಿತ್ತು. ನೂಲು ಹಾಗೇ ಇದೆಯಲ್ಲ ಎಂದರೆ, "ಮತ್ತೆ ಕಟ್ಟೋಕೆ ಅವಳಿಗೇನು ಕೈಯಿಲ್ವಾ?" ಎಂದರು. ಇಂಥವರ ಹತ್ತಿರ ವಾದಿಸುವ ಬದಲು ಗೋಡೆಗೆ ತಲೆ ಚಚ್ಚಿಕೊಳ್ಳುವುದು ವಾಸಿ. ಆದರೂ ಅನುಮಾನವೆಂಬುದು ನೆಗಡಿಯ ಹಾಗೆ, ಒಂದೇ ಮನೆಯಲ್ಲಿದ್ದವರಿಗೆ ಅಂಟದೆ ಬಿಡುವುದಿಲ್ಲ. ತಂಗಿ ಚೀಲ ಎತ್ತಿಕೊಂಡು ಹೊರಟರೆ ನನ್ನ ಕಣ್ಣೂ ಚೀಲದ ಮೇಲೇ ಹೋಗುತ್ತಿತ್ತು.

ಕೊನೆಗೆ ಅತ್ತಿಗೆ ಮಾಲೀಕರ ಕಿವಿಗೆ ಹಾಕಿದರು. ಮಾಲೀಕರು ತಂಗಿಯನ್ನು ಕರೆಸಿ, "ಬ್ರ್ಯಾಂಡ್ ಮೇಡಂ ಬರಲಿ, ಅವರ ತುಂಡು ಪಕ್ಕದಲ್ಲಿಟ್ಟು ನೋಡ್ತೀವಿ. ಬದಲಾಯಿಸಿದ್ದು ನಿಜ ಆದ್ರೆ ಅವತ್ತೇ ನೀನು ಮನೆಗೆ" ಎಂದರು. ತಂಗಿ ಅತ್ತಿಗೆಯ ಮುಖವನ್ನೇ ನೋಡಿದಳು.

"ನೀವು ನನ್ನನ್ನೇ ಕೇಳಬಹುದಿತ್ತಲ್ಲ ಅತ್ತಿಗೆ?"

"ಕೇಳಿದ್ರೆ ಯಾರು ತಾನೇ ಹೌದು ಅಂತಾರೆ?"

ಅವತ್ತಿನಿಂದ ತಂಗಿ ಊಟದ ತಟ್ಟೆಯನ್ನು ಅಡುಗೆಮನೆಯ ಮೂಲೆಗೆ ಒಯ್ದು, ಗೋಡೆಯ ಕಡೆ ತಿರುಗಿ ಕೂತು ಉಣ್ಣತೊಡಗಿದಳು.

ಮೇಡಂ ಬಂದರು. ಮೇಜಿನ ಮೇಲೆ ಎರಡೂ ತುಂಡುಗಳನ್ನಿಟ್ಟರು. ಅವರದು ಉಬ್ಬಿ ನಿಂತಿತ್ತು, ನಮ್ಮದು ಚಪ್ಪಟೆಯಾಗಿ ಬಿದ್ದಿತ್ತು. "ನಾನು ಹೇಳಲಿಲ್ವಾ?" ಎಂಬಂತೆ ಅತ್ತಿಗೆ ನನ್ನತ್ತ ನೋಡಿದರು. ಮೇಡಂ ಎರಡರ ಕತ್ತರಿಸಿದ ಅಂಚುಗಳನ್ನು ಹತ್ತಿರ ತಂದರು. ಹಲ್ಲಿಗೆ ಹಲ್ಲು, ಹೆಣಿಗೆಗೆ ಹೆಣಿಗೆ, ಕೂದಲೆಳೆಯಷ್ಟೂ ಸಂದಿಲ್ಲದೆ ಕೂಡಿಕೊಂಡವು.

"ಬದಲಾಯಿಸಿಲ್ಲ. ಇದು ಅದೇ ತುಂಡು" ಎಂದರು ಮೇಡಂ. "ಆದ್ರೆ ಇದನ್ನ ಯಾರೋ ದಿನಾ ಉಜ್ಜಿದ್ದಾರೆ. ಕೈ ಬೆವರು ಕೂತು ತುಪ್ಪಳ ಮಲಗಿಬಿಟ್ಟಿದೆ. ನಾವು ನಮ್ಮದನ್ನ ಕವರಿನಿಂದ ತೆಗೆಯೋದೇ ಇಲ್ಲ."

"ಯಾರು ಮುಟ್ಟಿದ್ದು?" ಎಂದರು ಮಾಲೀಕರು. ಅವರ ಕಣ್ಣು ತಂಗಿಯ ಮೇಲೆಯೇ ಇತ್ತು. ಅವಳು ನೆಲ ನೋಡುತ್ತ ನಿಂತಿದ್ದಳು. ಉತ್ತರ ಗೊತ್ತಿದ್ದ ನಾನು ಬಾಗಿಲ ಕಡೆ ನೋಡಿದೆ.

"ನಾನು" ಎಂದರು ಅತ್ತಿಗೆ. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. "ಕದ್ದುಬಿಟ್ರೇನೋ ಅಂತ ದಿನಾ ಮುಟ್ಟಿ ನೋಡ್ತಿದ್ದೆ. ನಾನೇ ಹಾಳು ಮಾಡಿದೆ. ಇವಳದೇನೂ ತಪ್ಪಿಲ್ಲ ಸಾರ್."

ಮೇಡಂ ಅಷ್ಟೇನೂ ಬೇಸರ ಮಾಡಿಕೊಳ್ಳದೆ ತಮ್ಮ ತುಂಡಿನಲ್ಲೇ ಇನ್ನೊಂದು ಭಾಗ ಕತ್ತರಿಸಿ ಕೊಟ್ಟರು. ಮಾಲೀಕರು ತಂಗಿಯ ಕಡೆ ತಿರುಗಿ, "ಆಯ್ತಮ್ಮ, ನಿನ್ನ ಕೆಲಸ ಇವತ್ತಿಂದ ಕಾಯಂ" ಎಂದರು.

ತಂಗಿ ತಲೆ ಎತ್ತಿದಳು. "ಕೆಲಸ ಬೇಕು ಸಾರ್. ಆದ್ರೆ ಅತ್ತಿಗೆ ಕೈಕೆಳಗೆ ಬೇಡ. ಆ ಕಡೆ ಶೆಡ್ಡಿಗೆ ಹಾಕಿಬಿಡಿ."

ಮಾಲೀಕರು ಅತ್ತಿಗೆಯನ್ನು ನೋಡಿದರು. ಯಾರು ಏನೇ ಹೇಳಲಿ, ಯಾಕೆ, ಏನು, ಯಾರು ಹೇಳಿಕೊಟ್ಟರು ಎಂದು ಕೆದಕುವ ಹೆಂಗಸು ಅವತ್ತು ಏನನ್ನೂ ಕೇಳಲಿಲ್ಲ.

"ಹಾಕಿ ಸಾರ್" ಎಂದರು.

ಸಂಜೆ ಮೂವರೂ ಒಂದೇ ಬಸ್ಸಿನಲ್ಲಿ ಮನೆಗೆ ಬಂದೆವು. ತಂಗಿ ಕಿಟಕಿ ಪಕ್ಕ ಕೂತಳು, ಅವಳ ಪಕ್ಕದ ಸೀಟು ಖಾಲಿಯಿತ್ತು. ಅತ್ತಿಗೆ ಕಂಬಿ ಹಿಡಿದುಕೊಂಡು ನಿಂತೇ ಬಂದರು.